ಅಗುಳಿ, ಚಿಲಕ, ಕೊಂಡಿ, ಕೀಲಿ: ಬಾಗಿಲ ಬೀಗದ ಯಾವ ಭಾಗಕ್ಕೆ ಯಾವ ಮಾತು?

ಕೈಪಿಡಿ ಕನ್ನಡ

ಎಲ್ಲರಿಗೂ ನಮಸ್ಕಾರ. ಮಾರ್ಟಿಸ್ ಲಾಕ್ (ಬಾಗಿಲ ಅಂಚಿನೊಳಗೆ ಇಳಿಸುವ ಲಾಕ್) ಕೂರಿಸುವ ಬಗೆ ತಿಳಿಸುವ ನಾಲ್ಕು ಪುಟದ ಹಾಳೆಯೊಂದು ಕನ್ನಡದಲ್ಲಿ ಆಗಬೇಕಿದೆ. ಓದುವವರು ಬಡಗಿಗಳು ಮತ್ತು ಮನೆಯವರು. ಲ್ಯಾಚ್ ಬೋಲ್ಟ್, ಡೆಡ್ ಬೋಲ್ಟ್, ಫೋರೆಂಡ್, ಸ್ಟ್ರೈಕ್ ಪ್ಲೇಟ್, ಸಿಲಿಂಡರ್, ಕ್ಯಾಮ್, ಸ್ಪಿಂಡಲ್, ಎಸ್ಕಚನ್, ಬ್ಯಾಕ್‌ಸೆಟ್ ಎಂಬ ಒಂಬತ್ತು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ನಿಘಂಟಿನಲ್ಲಿ ಲ್ಯಾಚ್‌ಗೂ ಅಗುಳಿ, ಬೋಲ್ಟ್‌ಗೂ ಅಗುಳಿ, ಎರಡಕ್ಕೂ ಚಿಲಕ ಎಂದೇ ಇದೆ. ಒಂದೇ ಲಾಕಿನಲ್ಲಿ ಎರಡೂ ಇರುವಾಗ ಎರಡಕ್ಕೂ ಒಂದೇ ಹೆಸರಿಟ್ಟರೆ ಕೂರಿಸುವವರ ಕೈ ತಪ್ಪುತ್ತದೆ.

ನಮ್ಮ ಹಳೆಯ ಮಾತುಗಳಿಗೆ ನಿಜಕ್ಕೂ ಬೇರೆ ಬೇರೆ ಅರ್ಥ ಇದೆಯೇ? ಕೆಲಸ ಮಾಡುವವರು ಈ ಭಾಗಗಳನ್ನು ಏನೆಂದು ಕರೆಯುತ್ತಾರೆ? ಹಾಳೆಯಲ್ಲಿ 'ಕೀಲಿ' ಎಂದು ಬರೆದರೆ ಎಲ್ಲ ಕಡೆ ಒಂದೇ ಅರ್ಥ ಬರುತ್ತದೆಯೇ? ಈ ಮೂರಕ್ಕೆ ಉತ್ತರ ಬೇಕು.

ಪದಮೂಲ

ಮೊದಲನೆಯದಕ್ಕೆ ಉತ್ತರ: ಬೇರೆ ಬೇರೆ ಅರ್ಥ ಖಂಡಿತ ಇದೆ. ಬಳಕೆಯಲ್ಲಿ ಸವೆದು ಒಂದರ ಮೇಲೊಂದು ಬಿದ್ದಿವೆ ಅಷ್ಟೆ. ಆ ವಸ್ತು ಬಾಗಿಲನ್ನು ಹೇಗೆ ಹಿಡಿಯುತ್ತದೆ ಎಂದು ನೋಡಿದರೆ ಬಿಡಿಸಿಕೊಳ್ಳಬಹುದು.

ಅಗುಳಿ ಎಂದರೆ ಅಡ್ಡಕ್ಕೆ ನೇರವಾಗಿ ಸರಿಯುವ ತುಂಡು. ಸಂಸ್ಕೃತದ ಅರ್ಗಲದಿಂದ ಬಂದ ತದ್ಭವ. ಅಗಳಿ, ಅಗಣಿ ಎಂಬ ರೂಪಗಳೂ ಇವೆ. ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಬಾಗಿಲ ಹಿಂದೆ ಗೋಡೆಯೊಳಗೇ ಒಂದು ಉದ್ದನೆಯ ಬಿಲ ಬಿಟ್ಟಿರುತ್ತಾರೆ. ಹಗಲಿನಲ್ಲಿ ಮರದ ದಪ್ಪ ತೊಲೆ ಆ ಬಿಲದೊಳಗೆ ಕೂತಿರುತ್ತದೆ. ರಾತ್ರಿ ಎಳೆದರೆ ಎರಡೂ ಕದಗಳ ಹಿಂದೆ ಅಡ್ಡಲಾಗಿ ಹಾದು ಎದುರು ಗೋಡೆಯ ಗುಳಿಗೆ ಕೂರುತ್ತದೆ. ತಿರುಗುವುದು, ಬಾಗುವುದು ಯಾವುದೂ ಅದಕ್ಕಿಲ್ಲ. ತನ್ನ ಮೈಯಿಂದಲೇ ತಡೆಯುತ್ತದೆ.

ಚಿಲಕ ಎಂದರೆ ಒಂದು ತುದಿ ಬಾಗಿಲಿಗೋ ಚೌಕಟ್ಟಿಗೋ ಸೇರಿಕೊಂಡಿದ್ದು, ಇನ್ನೊಂದು ತುದಿಯನ್ನು ಎತ್ತಿ ಎದುರಿನದಕ್ಕೆ ಸಿಕ್ಕಿಸುವಂಥದ್ದು. ಸರಪಳಿಯ ಚಿಲಕ, ಪಟ್ಟಿಯ ಚಿಲಕ ಎರಡೂ ಈ ಜಾತಿಯವೇ.

ಕೊಂಡಿ ಎಂದರೆ ಬಾಗಿರುವುದು, ಬಾಗಿ ಹಿಡಿಯುವುದು. ಚೇಳಿನ ಕೊಂಡಿ, ಸರಪಳಿಯ ಕೊಂಡಿ ನೆನಪಿಸಿಕೊಳ್ಳಿ. ಅಂತರ್ಜಾಲದ ಪುಟಕ್ಕೆ ಕೊಡುವ ಕೊಂಡಿಯೂ ಇದೇ ಮಾತು.

ಬೀಗ ಎಂದರೆ ತೆಗೆಯಲು ಕೈ ಬೇಕಾದದ್ದು. ಅದಕ್ಕೇ 'ಬೀಗದ ಕೈ'. ಅಗುಳಿ, ಚಿಲಕ, ಕೊಂಡಿಗಳನ್ನು ಯಾರು ಬೇಕಾದರೂ ತೆಗೆಯಬಹುದು. ಬೀಗವನ್ನು ಅದರ ಕೈ ಇದ್ದವರು ಮಾತ್ರ ತೆಗೆಯಬಹುದು. ತೆಲುಗಿನಲ್ಲೂ ಬೀಗಮು ಎಂಬ ಮಾತಿದೆ. (ನೆಂಟಸ್ತಿಕೆಯ ಬೀಗರು ಬೇರೆ, ಇದಕ್ಕೆ ಸೇರಿಸಬೇಡಿ.)

ಹೀಗೆ ನೋಡಿದರೆ, ಕೀ ತಿರುಗಿಸಿದಾಗ ನೇರವಾಗಿ ಸರಿಯುವ ಡೆಡ್ ಬೋಲ್ಟ್ ಅಪ್ಪಟ ಅಗುಳಿ. ಅದಕ್ಕೆ ಚಿಲಕ ಎನ್ನುವುದು ಸರಿಯಲ್ಲ.

ಧಾರವಾಡ ಪೇಟೆ

ಮೂರನೇ ಪ್ರಶ್ನೆಗೆ ನಾ ಹೇಳ್ತೀನ್ರಿ. ಕೀಲಿ ಅಂತ ಬರೀಲಿಕ್ಕೇ ಹೋಗಬ್ಯಾಡ್ರಿ. ನಮ್ಮ ಕಡೆ ಕೀಲಿ ಅಂದ್ರ ಬೀಗ. "ಮನಿಗೆ ಕೀಲಿ ಹಾಕಿ ಬಾ" ಅಂದ್ರ ಬೀಗ ಹಾಕಿ ಬಾ ಅಂತ. ತೆಗಿಯೋದಕ್ಕ ಕೀಲಿಕೈ ಅಂತೀವಿ. ಬೆಂಗಳೂರು, ಮೈಸೂರು ಕಡೆಯವರು ಕೀಲಿ ಅಂದ್ರ ಕೈಯಾಗ ಹಿಡಿಯೋದು ಅಂತ ತಿಳ್ಕೋತಾರ. ಕಂಪ್ಯೂಟರಿನ ಕೀಲಿಮಣೆ ಅನ್ನೋ ಮಾತಿನಾಗೂ ಕೀಲಿ ಅಂದ್ರ ಕೀ ಅಂತನೇ ಅರ್ಥ. ನಿಮ್ಮ ಹಾಳ್ಯಾಗ "ಕೀಲಿಯನ್ನು ಹೊರಗೆ ತೆಗೆಯಿರಿ" ಅಂತಿದ್ರ ನಮ್ಮ ಕಡೆ ಬಡಿಗ್ಯಾರು ಇಡೀ ಲಾಕ್ ಬಿಚ್ಚಿ ಇಡ್ತಾರ.

ಗಡಿಯಾರಕ್ಕ, ಆಟಗಿ ಸಾಮಾನಿಗೆ 'ಕೀಲಿ ಕೊಡೋದು' ಅನ್ನೋ ಬಳಕೆ ಬ್ಯಾರೆ. ಅಲ್ಲೆ ಕೀಲಿ ಅಂದ್ರ ತಿರುವೋದು. ಒಂದೇ ಮಾತಿಗೆ ಮೂರು ಅರ್ಥ ಆತು ನೋಡ್ರಿ.

ಪದಮೂಲ

ಧಾರವಾಡದವರ ಮಾತು ನೂರಕ್ಕೆ ನೂರು ಸರಿ. ಕಾರಣವನ್ನೂ ಸೇರಿಸುತ್ತೇನೆ. ಮೂಲದಲ್ಲಿ ಕೀಲ ಎಂದರೆ ಗೂಟ, ಬೆಣೆ, ಎರಡನ್ನು ಸೇರಿಸಿ ಹಿಡಿಯುವ ಕಡ್ಡಿ. ಅದರಿಂದಲೇ ಕೀಲು: ಮೂಳೆಗಳ ಕೀಲು, ಗಾಡಿಯ ಕಡೆಗೀಲು, ಬಾಗಿಲ ಕೀಲು. ಸಿಕ್ಕಿಸಿ ಭದ್ರಪಡಿಸುವುದೆಲ್ಲ ಕೀಲು. ಹಾಗಾಗಿ ಬೀಗಕ್ಕೂ ಆ ಹೆಸರು ಬಂದದ್ದು ಸಹಜ, ಬೀಗದೊಳಗೆ ಸಿಕ್ಕಿಸುವ ತುಂಡಿಗೂ ಬಂದದ್ದು ಸಹಜ. ಒಬ್ಬರದು ಸರಿ, ಇನ್ನೊಬ್ಬರದು ತಪ್ಪು ಎಂದಿಲ್ಲ.

ಸಪ್ತಶತಿ ಪಾರಾಯಣ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಮೊದಲು ಕವಚ, ಆಮೇಲೆ ಅರ್ಗಲಾ, ಆಮೇಲೆ ಕೀಲಕ ಹೇಳುತ್ತಾರೆ. ಕೊನೆಯ ಎರಡೂ ಬಾಗಿಲಿನವೇ: ಒಂದು ಅಗುಳಿ, ಇನ್ನೊಂದು ಕೀಲು.

ಕಡಲ ಕರೆ

ನಮ್ಮಲ್ಲಿ ಕೊಂಕಣಿ ಮನೆಗಳಲ್ಲಿ ಕೀಗೆ ಚಾವಿ ಅಂತಾರೆ. ಪೋರ್ಚುಗೀಸರ 'ಶಾವೆ' ಅದು. ಹಿಂದಿಯ ಚಾಬಿ, ಮರಾಠಿಯ ಚಾವಿ, ತಮಿಳಿನ ಸಾವಿ ಎಲ್ಲ ಅದರ ಮಕ್ಕಳೇ. ಹಾಳೆಯಲ್ಲಿ 'ಕೀ' ಅಂತಲೇ ಬರೆಯಿರಿ ಮಾರಾಯ್ರೆ, ಬೀದರಿನಿಂದ ಮಂಗಳೂರಿನವರೆಗೆ ಗೊತ್ತಿಲ್ಲದವರಿಲ್ಲ.

ಉಳಿ ಬಾಚಿ

ಎರಡನೇ ಪ್ರಶ್ನೆ ನಮ್ಮ ಕೆಲಸದ್ದು. ಮಾರ್ಟಿಸ್ ಲಾಕ್ ಅಂದರೆ ಬಾಗಿಲ ಅಂಚಿನಲ್ಲಿ ಗುಳಿ ಕೊರೆದು ಒಳಗೆ ಇಳಿಸುವ ಲಾಕ್. ಮಾರ್ಟಿಸ್ ಅನ್ನುವುದು ಲಾಕಿನ ಹೆಸರೇ ಅಲ್ಲ, ಆ ಗುಳಿಯ ಹೆಸರು. ಚೌಕಟ್ಟಿಗೆ ಕೂಡು ಹಾಕುವಾಗ ಕೊರೆಯುವ ಗುಳಿಯೂ ಮಾರ್ಟಿಸೇ. ಇದು ಗೊತ್ತಾದರೆ ಅರ್ಧ ಹಾಳೆ ತಾನಾಗಿ ಅರ್ಥವಾಗುತ್ತದೆ.

ಲಾಕನ್ನು ಕೈಯಲ್ಲಿ ಹಿಡಿದು ನೋಡಿ. ಚಪ್ಪಟೆ ಪೆಟ್ಟಿಗೆಯೇ ಬಾಡಿ. ಪೆಟ್ಟಿಗೆಯ ಮುಂದೆ ಉದ್ದನೆಯ ಪಟ್ಟಿ ಇದೆಯಲ್ಲ, ಬಾಗಿಲು ತೆರೆದಾಗ ಅಂಚಿನಲ್ಲಿ ಕಾಣುವುದು, ಅದು ಫೋರೆಂಡ್. ಕೆಲಸದಲ್ಲಿ ಯಾರೂ ಫೋರೆಂಡ್ ಅನ್ನುವುದಿಲ್ಲ, ಮುಂದಿನ ಪಟ್ಟಿ ಅಂತಾರೆ. ಅದರಿಂದ ಎರಡು ತುಂಡು ಹೊರಗೆ ಬರುತ್ತವೆ. ಮೇಲಿನದು ಒಂದು ಕಡೆ ಇಳಿಜಾರಾಗಿ ಸವರಿದ್ದು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಸ್ಪ್ರಿಂಗಿನಿಂದ ವಾಪಸ್ ಬರುತ್ತದೆ. ಅದು ಲ್ಯಾಚ್. ಕೆಳಗಿನದು ಚೌಕ, ಬೆರಳಲ್ಲಿ ಒತ್ತಿದರೆ ಮಿಸುಕುವುದಿಲ್ಲ, ಕೀ ತಿರುಗಿಸಿದರೆ ಮಾತ್ರ ಸರಿಯುತ್ತದೆ. ಅದು ಡೆಡ್ ಬೋಲ್ಟ್. 'ಡೆಡ್' ಅಂದರೆ ಇಲ್ಲಿ ಸ್ಪ್ರಿಂಗ್ ಇಲ್ಲದ್ದು, ತಾನಾಗಿ ಅಲುಗದ್ದು ಎಂಬ ಅರ್ಥ.

ಹಿಡಿಯಿಂದ ಹಿಡಿಗೆ ಹಾದುಹೋಗುವ ಚೌಕ ಸರಳೇ ಸ್ಪಿಂಡಲ್, ಸಾಮಾನ್ಯವಾಗಿ 8 ಮಿ.ಮೀ. ಚೌಕಟ್ಟಿಗೆ ಹೊಡೆಯುವ, ಎರಡು ತೂತಿನ ತಗಡು ಸ್ಟ್ರೈಕ್ ಪ್ಲೇಟ್. ಮುಂದಿನ ಪಟ್ಟಿಯ ಹೊರಮೈಯಿಂದ ಸ್ಪಿಂಡಲಿನ ನಡುವಿನವರೆಗಿನ ಅಳತೆ ಬ್ಯಾಕ್‌ಸೆಟ್. ಕನ್ನಡದಲ್ಲಿ 'ಅಂಚಿನ ಅಳತೆ' ಎಂದು ಬರೆದರೆ ಸಾಕು. 45, 50, 55, 60 ಮಿ.ಮೀ ಹೀಗೆ ಬರುತ್ತವೆ. ಉದ್ದ ಹಿಡಿಗೆ 45 ಆದರೂ ನಡೆಯುತ್ತದೆ. ಗುಂಡು ಹಿಡಿಗೆ 60 ಇಡಿ, ಕಡಿಮೆಯಾದರೆ ಬೆರಳ ಗೆಣ್ಣು ಚೌಕಟ್ಟಿಗೆ ತರಚುತ್ತದೆ.

ಕೂರಿಸುವಾಗ ತಪ್ಪುವ ಜಾಗಗಳನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ:

ಫ್ಲಶ್ ಡೋರ್ ಆದರೆ ಒಳಗೆ ಎಲ್ಲ ಕಡೆ ಗಟ್ಟಿ ಮರ ಇರುವುದಿಲ್ಲ. ಲಾಕಿಗೆಂದು ಮರದ ತುಂಡು ಕೊಟ್ಟಿರುವ ಜಾಗ ಬಾಗಿಲ ಅಂಚಿನಲ್ಲಿ ಗುರುತಾಗಿರುತ್ತದೆ, ಅಲ್ಲೇ ಕೊರೆಯಬೇಕು. ಹಿಡಿಯ ಎತ್ತರ ನೆಲದಿಂದ ಸುಮಾರು 1 ಮೀಟರ್.

ಪೆಟ್ಟಿಗೆಯ ದಪ್ಪ 15 ಮಿ.ಮೀ, ಬಾಗಿಲು 35 ಮಿ.ಮೀ ಎಂದಿಟ್ಟುಕೊಳ್ಳಿ. ನಡುಗೆರೆ ಸರಿ ಹಾಕಿದರೆ ಎರಡೂ ಕಡೆ 10 ಮಿ.ಮೀ ಮರ ಉಳಿಯುತ್ತದೆ. ಗೆರೆ 3 ಮಿ.ಮೀ ಆಚೀಚೆ ಆದರೆ ಒಂದು ಕಡೆ 7 ಮಾತ್ರ. ಸ್ಕ್ರೂ ಬಿಗಿಯುವಾಗಲೋ ಮೊದಲ ಬೇಸಿಗೆಯಲ್ಲೋ ಅಲ್ಲೇ ಸೀಳು ಬಿಡುತ್ತದೆ. ನಡುಗೆರೆಯ ಮೇಲೆ 16 ಮಿ.ಮೀ ಬಿಟ್‌ನಲ್ಲಿ ಸಾಲಾಗಿ ತೂತು ಹಾಕಿ, ಉಳಿಯಲ್ಲಿ ಗೋಡೆ ಸವರಿ. ಆಳ ಪೆಟ್ಟಿಗೆಗಿಂತ 2–3 ಮಿ.ಮೀ ಹೆಚ್ಚು ಇರಲಿ. ಪೆಟ್ಟಿಗೆ ಕೈಯಲ್ಲಿ ತಳ್ಳಿದರೆ ಇಳಿಯಬೇಕು. ಸುತ್ತಿಗೆಯಲ್ಲಿ ಬಡಿದು ಇಳಿಸಿದರೆ ಒಳಗಿನ ತಗಡು ಬಾಗಿ ಬೋಲ್ಟ್ ಬಿಗಿಯಾಗುತ್ತದೆ. ಆಮೇಲೆ "ಲಾಕೇ ಕೆಟ್ಟದ್ದು" ಎಂಬ ದೂರು.

ಮುಂದಿನ ಪಟ್ಟಿಗೆ ಅದರ ದಪ್ಪದಷ್ಟೇ, ಸುಮಾರು 3 ಮಿ.ಮೀ, ಕಚ್ಚು ಹಾಕಿ ಮರದ ಸಮಕ್ಕೆ ಕೂರಿಸಿ. ಉಬ್ಬಿದರೆ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ.

ಲ್ಯಾಚಿನ ಇಳಿಜಾರು ಮುಖ ಬಾಗಿಲು ಮುಚ್ಚುವ ದಿಕ್ಕಿಗೆ ಇರಬೇಕು, ಅಂದರೆ ಸ್ಟ್ರೈಕ್ ಪ್ಲೇಟಿಗೆ ಮೊದಲು ತಾಗುವುದು ಇಳಿಜಾರೇ ಆಗಬೇಕು. ಉಲ್ಟಾ ಇದ್ದರೆ ಹಿಡಿ ಒತ್ತದೆ ಬಾಗಿಲು ಮುಚ್ಚುವುದಿಲ್ಲ. ಹೆಚ್ಚಿನ ಲಾಕುಗಳಲ್ಲಿ ಲ್ಯಾಚನ್ನು ತಿರುಗಿಸಿ ಹಾಕಬಹುದು, ಗುಳಿಗೆ ಇಳಿಸುವ ಮೊದಲೇ ನೋಡಿಕೊಳ್ಳಿ.

ಡೆಡ್ ಬೋಲ್ಟ್ ಪೂರ್ತಿ ಹೊರಬಂದಾಗ 20 ಮಿ.ಮೀ ಇದ್ದರೆ ಚೌಕಟ್ಟಿನ ಗುಳಿ 25 ಮಿ.ಮೀ ಆಳ ಇರಲಿ. ಸಿಮೆಂಟ್ ಅಥವಾ ಕಲ್ಲಿನ ಚೌಕಟ್ಟಿನಲ್ಲಿ ಈ ಆಳ ಕೊರೆಯಲು ಸೋಮಾರಿತನ ಮಾಡಿ 12–15ಕ್ಕೆ ನಿಲ್ಲಿಸುತ್ತಾರೆ. ಆಗ ಬೋಲ್ಟ್ ಅರ್ಧಕ್ಕೇ ನಿಂತು, ಕೀ ಪೂರ್ತಿ ತಿರುಗದೆ, ಹೊರಗೆ ಬರದೆ ಸಿಕ್ಕಿಕೊಳ್ಳುತ್ತದೆ.

ಬೋಲ್ಟು ನಟ್ಟು ಅಂಗಡಿ

ಉಳಿ ಬಾಚಿ ಅಣ್ಣ ಬಾಡಿಯ ಕಥೆ ಹೇಳಿದರು, ನಾನು ಸಿಲಿಂಡರಿನದು ಹೇಳುತ್ತೇನೆ. ದುಡ್ಡು ದಂಡವಾಗುವುದು ಅಲ್ಲೇ.

"ಲಾಕ್ ಹೋಗಿದೆ, ಹೊಸದು ಕೊಡಿ" ಎಂದು ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಸಿಲಿಂಡರ್ ಮಾತ್ರ. ಕೀ ಕಳೆದುಹೋಗಿದೆ, ಕೀ ತಿರುಗುತ್ತಿಲ್ಲ, ಬಾಡಿಗೆಯವರು ಖಾಲಿ ಮಾಡಿದ್ದಾರೆ, ಹೀಗೆ ಯಾವುದಾದರೂ ಸಿಲಿಂಡರ್ ಬದಲಿಸಿದರೆ ಮುಗಿಯಿತು. ಬಾಡಿ, ಹಿಡಿ, ಸ್ಟ್ರೈಕ್ ಪ್ಲೇಟ್ ಹಾಗೇ ಇರುತ್ತವೆ. ಹಿಡಿ ಒತ್ತಿದರೂ ಲ್ಯಾಚ್ ಒಳಗೆ ಹೋಗದಿದ್ದರೆ ಮಾತ್ರ ಬಾಡಿಯನ್ನೋ ಸ್ಪಿಂಡಲನ್ನೋ ನೋಡಬೇಕು. ಭಾಗದ ಹೆಸರು ಸರಿಯಾಗಿ ಹೇಳಿದರೆ ಖರ್ಚು ಎಷ್ಟೋ ಪಾಲು ಇಳಿಯುತ್ತದೆ.

ಸಿಲಿಂಡರ್ ಅಂದರೆ ಕೀ ಹೋಗುವ ತುಂಡು. ಅಡ್ಡಕೊಯ್ತದಲ್ಲಿ ನೋಡಿದರೆ ಮೇಲೆ ದುಂಡು, ಕೆಳಗೆ ಬಾಲದಂತೆ ಇಳಿದಿರುತ್ತದೆ. ನಟ್ಟ ನಡುವೆ ತಿರುಗುವ ಒಂದು ಮೂಗು ಇದೆ, ಅದೇ ಕ್ಯಾಮ್. ಕೀ ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಡೆಡ್ ಬೋಲ್ಟನ್ನು ತಳ್ಳುತ್ತದೆ. ಕೀ ನೇರವಾಗಿ ಬೋಲ್ಟನ್ನು ಮುಟ್ಟುವುದೇ ಇಲ್ಲ.

ತೆಗೆಯುವ ಬಗೆ: ಬಾಗಿಲು ತೆರೆದಿಟ್ಟು, ಮುಂದಿನ ಪಟ್ಟಿಯಲ್ಲಿ ಸಿಲಿಂಡರಿನ ಎತ್ತರಕ್ಕೆ ಇರುವ ಒಂದೇ ಉದ್ದ ಸ್ಕ್ರೂ ಬಿಚ್ಚಿ (ಎಂ5, ಅಂದರೆ 5 ಮಿ.ಮೀ ದಪ್ಪದ್ದು). ಕೀ ಹಾಕಿ ಸ್ವಲ್ಪವೇ ತಿರುಗಿಸುತ್ತಾ ಮೆಲ್ಲಗೆ ಎಳೆಯಿರಿ. ಕ್ಯಾಮ್ ಬಾಲದ ನೇರಕ್ಕೆ ಬಂದ ಕ್ಷಣ ಸಿಲಿಂಡರ್ ಜಾರಿ ಬರುತ್ತದೆ. ಕೀ ನೆಟ್ಟಗೆ ಇದ್ದಾಗ ಕ್ಯಾಮ್ ಪಕ್ಕಕ್ಕೆ ಚಾಚಿರುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ. ಇಕ್ಕಳ ಹಾಕಿ ಜಗ್ಗಬೇಡಿ.

ಅಳತೆ: ಸ್ಕ್ರೂ ತೂತಿನ ನಡುವಿನಿಂದ ಎರಡೂ ತುದಿಗೆ ಬೇರೆ ಬೇರೆಯಾಗಿ ಅಳೆಯಿರಿ. 30+30 ಇದ್ದರೆ ಅದು 60ರದು. 30+40 ಇದ್ದರೆ 70ರದು, ಆದರೆ 35+35ರ 70 ಅದಕ್ಕೆ ಬದಲಿಯಲ್ಲ. ಬರಿ ಒಟ್ಟು ಅಳತೆ ಹೇಳಿ ತಂದರೆ ಒಂದು ಕಡೆ ಒಳಗೆ ಹುದುಗಿ, ಇನ್ನೊಂದು ಕಡೆ ಹೊರಗೆ ಚಾಚುತ್ತದೆ. 35 ಮಿ.ಮೀ ಬಾಗಿಲು, ಎರಡು ಕಡೆ 10ರಂತೆ ಹಿಡಿಯ ಪ್ಲೇಟು, ಒಟ್ಟು 55. ಅದಕ್ಕೆ 60ರ ಸಿಲಿಂಡರ್ ಹಾಕಿದರೆ ಪ್ರತಿ ಕಡೆ ಎರಡೂವರೆ ಮಿ.ಮೀ ಹೊರಗೆ. 3 ಮಿ.ಮೀ ಮೀರಬಾರದು. ಸ್ಕ್ರೂ ತೂತು ಇರುವ ನಡುಭಾಗವೇ ಸಿಲಿಂಡರಿನ ದುರ್ಬಲ ಜಾಗ, ಹೊರಗೆ ಉದ್ದ ಚಾಚಿದರೆ ಹಿಡಿದು ಮುರಿಯಲು ಕಳ್ಳನಿಗೆ ಆಸರೆ ಸಿಕ್ಕಂತೆ.

ಬಾಡಿಯನ್ನೇ ಬದಲಿಸುವುದಾದರೆ ಅಂಚಿನ ಅಳತೆಯ ಜೊತೆಗೆ ಸ್ಪಿಂಡಲ್ ನಡುವಿನಿಂದ ಸಿಲಿಂಡರಿನ ದುಂಡು ಭಾಗದ ನಡುವಿನವರೆಗಿನ ಅಳತೆಯೂ ಬೇಕು. ನಮ್ಮಲ್ಲಿ ಹೆಚ್ಚು ಬರುವುದು 85 ಮಿ.ಮೀ. 70, 72ರವೂ ಇವೆ. ಇದು ತಪ್ಪಿದರೆ ಹಳೆಯ ಹಿಡಿಯ ತೂತು ಹೊಸ ಲಾಕಿಗೆ ಕೂಡುವುದಿಲ್ಲ.

ಎಸ್ಕಚನ್ ಎಂದು ಅಂಗಡಿಯಲ್ಲಿ ಕೇಳಿದರೆ ಹುಡುಗರು ಮುಖ ನೋಡುತ್ತಾರೆ. 'ಕೀ ಹೋಲ್ ಪ್ಲೇಟ್' ಎನ್ನಿ.

ಪದಮೂಲ

ಎಸ್ಕಚನ್ ಮಾತಿನ ಬೇರು ಲ್ಯಾಟಿನ್ನಿನ 'ಸ್ಕೂಟುಂ', ಅಂದರೆ ಗುರಾಣಿ. ತೂತಿನ ಸುತ್ತಲ ಮರವನ್ನು ಕೀಯ ಗೀರಿನಿಂದ ಕಾಯುವ ತಗಡು ಅದು. ಹಾಳೆಗೆ ಅಂಗಡಿಯವರ ಮಾತೇ ಸರಿ.

ಬೋಲ್ಟು ನಟ್ಟು ಅಂಗಡಿ

ಹೊರಗಿನ ಸಾಮಾನಿನ ಹೆಸರುಗಳನ್ನೂ ಬರೆದುಬಿಡುತ್ತೇನೆ, ಇವುಗಳಲ್ಲೇ ಗೊಂದಲ ಜಾಸ್ತಿ. ಒಳಗಡೆ ಮೇಲೆ ಕೆಳಗೆ ಹಾಕುವ, ಸರಳು ಸರಿಯುವ ಪಟ್ಟಿ ಟವರ್ ಬೋಲ್ಟ್. 4, 6, 8, 10, 12 ಇಂಚಿನವು ಸಿಗುತ್ತವೆ, ಭಾರತೀಯ ಮಾನಕ ಐಎಸ್ 204 ಇದಕ್ಕೇ ಇರುವುದು. ಮನೆಯಲ್ಲಿ ಎಲ್ಲರೂ ಇದನ್ನು ಚಿಲಕ ಅಂತಾರೆ. ಪದಮೂಲ ಅವರ ಲೆಕ್ಕದಲ್ಲಿ ಇದು ಅಗುಳಿ. ಹೊರಗಡೆ ದಪ್ಪ ಸರಳು ಅಡ್ಡಕ್ಕೆ ಸರಿದು, ಅದಕ್ಕೆ ಅಂಟಿದ ಕಿವಿ ಕೊಂಡಿಯ ಮೇಲೆ ಕೂತು, ಬೀಗ ಹಾಕಲು ಬರುವುದು ಆಲ್ಡ್ರಾಪ್. ಪಟ್ಟಿ ಮಡಚಿ ಅರ್ಧಬಳೆಯ ಮೇಲೆ ಕೂರುವುದು ಹ್ಯಾಸ್ಪ್. ಇದೇ ನಿಜವಾದ ಚಿಲಕ.

ಹ್ಯಾಸ್ಪ್ ಹಾಕುವಾಗ ಪಟ್ಟಿ ಮುಚ್ಚಿದ ಮೇಲೆ ಒಂದು ಸ್ಕ್ರೂ ತಲೆಯೂ ಹೊರಗೆ ಕಾಣಬಾರದು. ಕಂಡರೆ ಎಂಟು ಲಿವರಿನ ಬೀಗ ಹಾಕಿದರೂ ಒಂದು ಸ್ಕ್ರೂಡ್ರೈವರ್ ಸಾಕು. ಆಲ್ಡ್ರಾಪಿಗೂ ಅಷ್ಟೇ. ಕಡೆ ಪಕ್ಷ ಎರಡು ಕಡೆ ದುಂಡು ತಲೆಯ ಬೋಲ್ಟ್ ಹಾದುಹೋಗುವಂತೆ ಹಾಕಿ ಒಳಗಿನಿಂದ ನಟ್ ಬಿಗಿಯಿರಿ.

ಹೊಸ ಮನೆ

ಎಲ್ಲರಿಗೂ ಧನ್ಯವಾದ. ಒಂದು ಪ್ರಶ್ನೆ. ಬೇಸಿಗೆಯಲ್ಲಿ ಸರಿ ಇದ್ದ ಮಾರ್ಟಿಸ್ ಲಾಕ್ ಮಳೆಗಾಲದಲ್ಲಿ ಹಾಕಲು ಬಾರದಿದ್ದರೆ ಯಾವ ಭಾಗ ಬದಲಿಸಬೇಕು? ಬಾಗಿಲನ್ನು ಮೇಲಕ್ಕೆ ಎತ್ತಿ ಹಿಡಿದರೆ ಮಾತ್ರ ಕೀ ತಿರುಗುತ್ತದೆ.

ಉಳಿ ಬಾಚಿ

ಯಾವ ಭಾಗವನ್ನೂ ಬದಲಿಸಬೇಡಿ. "ಎತ್ತಿ ಹಿಡಿದರೆ ತಿರುಗುತ್ತದೆ" ಎಂದಿರಲ್ಲ, ರೋಗ ಅಲ್ಲೇ ಗೊತ್ತಾಯಿತು.

ಮೊದಲ ಪರೀಕ್ಷೆ: ಬಾಗಿಲು ತೆರೆದಿಟ್ಟು ಕೀಯನ್ನು ನಾಲ್ಕೈದು ಸಲ ತಿರುಗಿಸಿ. ಸಲೀಸಾಗಿ ಬೋಲ್ಟ್ ಹೊರಬಂದು ಒಳಹೋದರೆ ಲಾಕಿನಲ್ಲಿ ದೋಷ ಇಲ್ಲ. ತೆರೆದಾಗ ಸರಿ, ಮುಚ್ಚಿದಾಗ ಇಲ್ಲ ಎಂದರೆ ತಪ್ಪು ಇರುವುದು ಬಾಗಿಲ ಕೀಲಿನಲ್ಲಿ (ಹಿಂಜ್) ಅಥವಾ ಸ್ಟ್ರೈಕ್ ಪ್ಲೇಟಿನಲ್ಲಿ.

ಎರಡನೆಯದು: ಡೆಡ್ ಬೋಲ್ಟಿನ ತುದಿಗೆ ಕುಂಕುಮವನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಹಚ್ಚಿ. ಬಾಗಿಲು ಮುಚ್ಚಿ ಕೀ ತಿರುಗಿಸಲು ನೋಡಿ, ಮತ್ತೆ ತೆರೆಯಿರಿ. ಸ್ಟ್ರೈಕ್ ಪ್ಲೇಟಿನ ಮೇಲೆ ಕೆಂಪು ಎಲ್ಲಿ ಬಿದ್ದಿದೆ ನೋಡಿ. ತೂತಿನ ಕೆಳ ಅಂಚಿನಲ್ಲಿ ಬಿದ್ದಿದ್ದರೆ ಬಾಗಿಲು ಇಳಿದಿದೆ. ಪಕ್ಕದ ಅಂಚಿನಲ್ಲಿ ಬಿದ್ದಿದ್ದರೆ ಮರ ಉಬ್ಬಿದೆ ಅಥವಾ ಸೊಟ್ಟಗಾಗಿದೆ.

ನಿಮ್ಮದು ಕೆಳ ಅಂಚೇ ಇರುತ್ತದೆ. ಬಾಗಿಲ ಭಾರ ಪೂರ್ತಿ ಮೇಲಿನ ಕೀಲನ್ನು ಎಳೆಯುತ್ತದೆ. ಅದರ ಸ್ಕ್ರೂಗಳು ಸಡಿಲವಾದರೆ ಬಾಗಿಲು ಲಾಕಿನ ಕಡೆ ಇಳಿಯುತ್ತದೆ. ಮಳೆಗಾಲದಲ್ಲಿ ಬಾಗಿಲು ನೀರು ಕುಡಿದು ಭಾರವಾಗುವುದರಿಂದ ಆಗ ಬಯಲಾಗುತ್ತದೆ. ಬಾಗಿಲ ಕೆಳಗೆ ಬೆಣೆ ಕೊಟ್ಟು ಭಾರ ತೆಗೆದು, ಮೇಲಿನ ಕೀಲಿನ ಸ್ಕ್ರೂಗಳನ್ನು ಒಂದೊಂದೇ ಬಿಚ್ಚಿ. ತೂತು ಅಗಲವಾಗಿದ್ದರೆ ಬಿದಿರಿನ ಸೀಳಿಗೆ ಮರದ ಗೋಂದು ಹಚ್ಚಿ ಒಳಗೆ ಬಿಗಿಯಾಗಿ ತುಂಬಿ, ಅಂಚಿನ ಸಮಕ್ಕೆ ಕತ್ತರಿಸಿ, ಒಂದು ರಾತ್ರಿ ಬಿಟ್ಟು, ಮೊದಲಿನದಕ್ಕಿಂತ 10–15 ಮಿ.ಮೀ ಉದ್ದದ ಸ್ಕ್ರೂ ಹಾಕಿ.

ಇಷ್ಟಾದ ಮೇಲೂ ತಾಗಿದರೆ ಮಾತ್ರ ಅರ. ಕೆಂಪು ಬಿದ್ದ ಅಂಚನ್ನು 1, ಹೆಚ್ಚೆಂದರೆ 2 ಮಿ.ಮೀ ಅರದಿಂದ ಉಜ್ಜಿ. ಮೊದಲೇ ಅರ ಹಿಡಿದರೆ ಬೇಸಿಗೆಯಲ್ಲಿ ಬಾಗಿಲು ಗಡಗಡ ಅಲುಗುತ್ತದೆ. ಮಳೆಗಾಲದಲ್ಲಿ ಬಾಗಿಲ ಅಂಚನ್ನು ಕೀಸುಳಿ ಹಾಕಿ ಹೊಡೆಸುವವರಿಗೂ ಇದೇ ಮಾತು. ಒಣಗಿದ ಮೇಲೆ ಆ ಸಂದು ಮುಚ್ಚಲು ದಾರಿಯಿಲ್ಲ.

ಕೀ ಕಟಿಂಗ್

ಸಿಲಿಂಡರಿನ ಒಳಗಿನದು ಯಾರೂ ಹೇಳಿಲ್ಲ. ಕೀ ಹಾಕುವ ದುಂಡು ತುಂಡು ಪ್ಲಗ್. ಅದರ ಸುತ್ತಲಿನದು ಹೊರಕವಚ. ಎರಡನ್ನೂ ಹಾದು ಸಾಮಾನ್ಯವಾಗಿ 5 ಅಥವಾ 6 ತೂತು, ಪ್ರತಿ ತೂತಿನಲ್ಲಿ ಒಂದು ಸ್ಪ್ರಿಂಗ್, ಎರಡು ಪಿನ್. ಕೀ ಇಲ್ಲದಾಗ ಪಿನ್ನುಗಳು ಪ್ಲಗ್ಗಿಗೂ ಕವಚಕ್ಕೂ ನಡುವೆ ಮೊಳೆಯಂತೆ ಸಿಕ್ಕಿಕೊಂಡಿರುತ್ತವೆ. ಇದು ಪದಮೂಲ ಅವರು ಹೇಳಿದ ಕೀಲವೇ ಆಯಿತಲ್ಲ. ಸರಿಯಾದ ಕೀ ಹೋದಾಗ ಎರಡು ಪಿನ್ನುಗಳ ನಡುವಿನ ಸಂದು ಎಲ್ಲ ತೂತಿನಲ್ಲೂ ಪ್ಲಗ್ಗಿನ ಅಂಚಿನ ಗೆರೆಗೆ ಬರುತ್ತದೆ, ಪ್ಲಗ್ ತಿರುಗುತ್ತದೆ. ಒಂದು ಪಿನ್ ಕಾಲು ಮಿ.ಮೀ ಮೇಲೆ ಕೆಳಗೆ ಆದರೂ ತಿರುಗುವುದಿಲ್ಲ.

ಕೀಯ ಭಾಗಗಳು: ಬೆರಳಲ್ಲಿ ಹಿಡಿಯುವುದು ತಲೆ. ಒಳಗೆ ಹೋಗುವುದು ಅಲಗು. ಎರಡರ ನಡುವಿನ ಮೆಟ್ಟಿಲು ಹೆಗಲು, ಕೀ ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕೆಂದು ತೀರ್ಮಾನಿಸುವುದು ಅದೇ. ಅಲಗಿನ ಕಚ್ಚುಗಳಿಗೆ ಹಲ್ಲು ಅಂತೀವಿ. ನಕಲು ಕೀಯನ್ನು ಯಾವಾಗಲೂ ಮೂಲ ಕೀಯಿಂದಲೇ ಮಾಡಿಸಿ. ನಕಲಿನ ನಕಲಿನಲ್ಲಿ ಸವೆತವೂ ಸೇರಿ ಇಳಿಯುತ್ತದೆ. ಅಲ್ಲಾಡಿಸಿದರೆ ಮಾತ್ರ ತಿರುಗುವ ಕೀ, ಸ್ವಲ್ಪ ಹೊರಗೆಳೆದರೆ ಮಾತ್ರ ತಿರುಗುವ ಕೀ ಹೀಗೆ ಹುಟ್ಟಿದವು. ಎರಡನೆಯದರಲ್ಲಿ ಹೆಗಲು ತಪ್ಪಿದೆ ಎಂದು ಕಣ್ಣುಮುಚ್ಚಿ ಹೇಳಬಹುದು.

ಲಿವರ್ ಬೀಗ ಬೇರೆ ಜಾತಿ. ಪಿನ್ನಿನ ಬದಲು ತೆಳು ಹಿತ್ತಾಳೆ ತಗಡುಗಳು ಒಂದರ ಮೇಲೊಂದು. ಪ್ರತಿ ತಗಡಿನಲ್ಲೂ ಒಂದು ಕಂಡಿ. ಕೀಯ ಹಲ್ಲುಗಳು ಎಲ್ಲ ತಗಡುಗಳನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಕಂಡಿಗಳು ಸಾಲಾಗುತ್ತವೆ, ಬೋಲ್ಟಿನ ಮೇಲಿರುವ ಗೂಟ ಅದರಲ್ಲಿ ಹಾದುಹೋಗುತ್ತದೆ. ಬೀಗದ ಮೈಮೇಲೆ 6, 7, 8 ಲಿವರ್ ಎಂದು ಅಚ್ಚಿರುವುದು ಈ ತಗಡುಗಳ ಎಣಿಕೆ.

ಇನ್ನೊಂದು ಮಾತು. ಸಿಲಿಂಡರಿನೊಳಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಅದು ಗಟ್ಟಿಯಾಗುತ್ತದೆ, ಪಿನ್ನುಗಳು ಇದ್ದಲ್ಲೇ ಅಂಟಿಕೊಳ್ಳುತ್ತವೆ. ಎಂಜಿನ್ ಎಣ್ಣೆ ಧೂಳು ಹಿಡಿದು ಜಿಡ್ಡಾಗುತ್ತದೆ. ಗ್ರಾಫೈಟ್ ಪುಡಿ ಒಂದು ಚಿಟಿಕೆ ಊದಿ, ಕೀಯನ್ನು ಹತ್ತು ಸಲ ಹಾಕಿ ತೆಗೆಯಿರಿ. ಅದಿಲ್ಲದಿದ್ದರೆ ಮೆತ್ತನೆಯ ಪೆನ್ಸಿಲ್ಲನ್ನು ಕೀಯ ಹಲ್ಲುಗಳ ಮೇಲೆ ಗಾಢವಾಗಿ ಉಜ್ಜಿ ಹಾಕಿದರೂ ಆದೀತು. ಮೊದಲೇ ಎಣ್ಣೆ ಬಿಟ್ಟಿದ್ದರೆ ಗ್ರಾಫೈಟ್ ಹಾಕಬೇಡಿ, ಎರಡೂ ಸೇರಿ ಕರಿ ಕೆಸರಾಗುತ್ತದೆ.

ಕಡಲ ಕರೆ

ನಮ್ಮ ಕಡೆಗೆ ಉಪ್ಪುಗಾಳಿ. ಹಿತ್ತಾಳೆ ಸಿಲಿಂಡರ್ ತಡೆಯುತ್ತದೆ, ಆದರೆ ಅದನ್ನು ಹಿಡಿಯುವ ಆ ಒಂದೇ ಉದ್ದ ಸ್ಕ್ರೂ ತುಕ್ಕು ಹಿಡಿದು ಮುರಿಯುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಕೇಳಿ ತೆಗೆದುಕೊಳ್ಳಿ.

ಪದಮೂಲ

ಕೀ ಕಟಿಂಗ್ ಅವರು ಹೇಳಿದ ಎರಡು ಜಾತಿಗಳ ಹುಟ್ಟು ಗೊತ್ತಿದ್ದರೆ ಹೆಸರುಗಳೂ ಬಿಡಿಸಿಕೊಳ್ಳುತ್ತವೆ. ಲಿವರನ್ನು ಹೆಚ್ಚೂ ಕಡಿಮೆಯೂ ಎತ್ತಬಾರದು, ಸರಿಯಾಗಿ ಎತ್ತಬೇಕು ಎಂಬ ಏರ್ಪಾಟು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಮಾಡಿದ್ದು. ತಪ್ಪು ಕೀ ಹಾಕಿದ್ದನ್ನು ತೋರಿಸಿಕೊಡುವ ಲಿವರ್ ಬೀಗವನ್ನು ಜೆರೆಮಾಯಾ ಚಬ್ 1818ರಲ್ಲಿ ಮಾಡಿದ. 1851ರ ಲಂಡನ್ ಮಹಾಪ್ರದರ್ಶನದ ಹೊತ್ತಿಗೆ ಅಮೆರಿಕದ ಹಾಬ್ಸ್ ಅದನ್ನು ಕೀ ಇಲ್ಲದೆ ತೆರೆದು ತೋರಿಸಿದ. ಪಿನ್ನಿನ ಸಿಲಿಂಡರ್ ಲೈನಸ್ ಯೇಲ್ ಕಿರಿಯನದು, 1861 ಮತ್ತು 1865ರ ಪೇಟೆಂಟುಗಳು. ಬೀಳುವ ಗೂಟಗಳ ಉಪಾಯ ಮಾತ್ರ ಈಜಿಪ್ಟಿನ ಮರದ ಬೀಗಗಳಷ್ಟು ಹಳೆಯದು. ಭಾರತದಲ್ಲಿ ಅರ್ದೇಶಿರ್ ಗೋದ್ರೇಜ್ ಮುಂಬಯಿಯಲ್ಲಿ ಬೀಗ ಮಾಡಲು ತೊಡಗಿದ್ದು 1897ರಲ್ಲಿ.

ನೆರೆಯ ತಮಿಳುನಾಡಿನ ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿ ಮಾವಿನಕಾಯಿ ಆಕಾರದ ಬೀಗಕ್ಕೆ ಮಾಂಗಾಯ್ ಪೂಟ್ಟು ಅಂತಾರೆ. ಈ ಪೂಟ್ಟು ನಮಗೆ ಹೊರಗಿನದಲ್ಲ. ಹಳಗನ್ನಡದ ಪೂಡು, ಈಗಿನ ಹೂಡು: ನೊಗ ಹೂಡು, ಗಾಡಿ ಹೂಡು. ಅವರು ಬಾಗಿಲನ್ನು ಹೂಡುತ್ತಾರೆ, ನಾವು ಎತ್ತನ್ನು ಹೂಡುತ್ತೇವೆ.

ಕೈಪಿಡಿ ಕನ್ನಡ

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಎಲ್ಲರಿಗೂ ಕೃತಜ್ಞತೆ. ಕರಡು ಹೀಗಿದೆ, ತಿದ್ದಿ ಕೊಡಿ:

ಡೆಡ್ ಬೋಲ್ಟ್: ಅಗುಳಿ. ಲ್ಯಾಚ್: ಓರೆ ನಾಲಿಗೆ. ಫೋರೆಂಡ್: ಮುಂದಿನ ಪಟ್ಟಿ. ಸ್ಟ್ರೈಕ್ ಪ್ಲೇಟ್: ಚೌಕಟ್ಟಿನ ತಗಡು. ಎಸ್ಕಚನ್: ಕೀ ಹೋಲ್ ಪ್ಲೇಟ್. ಬ್ಯಾಕ್‌ಸೆಟ್: ಅಂಚಿನ ಅಳತೆ. ಸಿಲಿಂಡರ್, ಕ್ಯಾಮ್, ಸ್ಪಿಂಡಲ್ ಹಾಗೆಯೇ. ಕೀಲಿ ಎಂಬ ಮಾತು ಎಲ್ಲೂ ಇಲ್ಲ, ಕೀ ಮಾತ್ರ.

ಒಂದು ವಾಕ್ಯ ಹೀಗೆ: "ಕೀಯನ್ನು ಎರಡು ಸುತ್ತು ತಿರುಗಿಸಿ, ಅಗುಳಿಯು ಚೌಕಟ್ಟಿನ ತಗಡಿನೊಳಗೆ ಪೂರ್ತಿ ಹೋಗಿದೆಯೇ ನೋಡಿ."

ಬೋಲ್ಟು ನಟ್ಟು ಅಂಗಡಿ

ಅಗುಳಿ ಚೆನ್ನಾಗಿದೆ, ಇರಲಿ. ಆದರೆ ಚಿತ್ರದ ಪಕ್ಕದಲ್ಲಿ ಒಂದು ಸಲವಾದರೂ ಡೆಡ್ ಬೋಲ್ಟ್, ಸ್ಟ್ರೈಕ್ ಪ್ಲೇಟ್ ಎಂದು ಕನ್ನಡ ಅಕ್ಷರದಲ್ಲೇ ಹಾಕಿ. ಕಳೆದುಹೋದರೆ ಅದನ್ನು ಕೇಳಿಕೊಂಡು ಅಂಗಡಿಗೆ ಬರುವುದು ಆ ಹೆಸರಿನಿಂದಲೇ. 'ಚೌಕಟ್ಟಿನ ತಗಡು' ಎಂದರೆ ನಾವು ಕೊಡುವುದು ಎಲ್ ಪಟ್ಟಿ.

ಧಾರವಾಡ ಪೇಟೆ

ಚೌಕಟ್ಟು ಅಂದ್ರ ಎಲ್ಲಾರಿಗೂ ತಿಳೀತೈತ್ರಿ, ಅದಕ್ಕ ತಕರಾರಿಲ್ಲ.

ಉಳಿ ಬಾಚಿ

ವಾಕ್ಯದಲ್ಲಿ ಒಂದು ತಿದ್ದುಪಡಿ. "ಕೀಯನ್ನು ಎರಡು ಸುತ್ತು ತಿರುಗಿಸಿ" ಎನ್ನುವ ಮೊದಲು "ಬಾಗಿಲು ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ" ಎಂದು ಸೇರಿಸಿ. ಎರಡರ ವ್ಯತ್ಯಾಸ ಕೈಗೆ ಗೊತ್ತಾಗಬೇಕು. ಮತ್ತೆ, 'ಓರೆ ನಾಲಿಗೆ'ಯ ಚಿತ್ರದಲ್ಲಿ ಇಳಿಜಾರು ಮುಖಕ್ಕೆ ಬಾಣದ ಗುರುತು ಹಾಕಿ, ಬಾಗಿಲು ಮುಚ್ಚುವ ದಿಕ್ಕಿಗೆ. ಹೆಸರು ಮರೆತರೂ ಬಾಣ ನೋಡಿ ಕೂರಿಸುತ್ತಾರೆ.